ಷಟ್‌ಸ್ಥಲ ಮತ್ತು ಸೂಫಿ ಮಾರ್ಗ: ಮೆಟ್ಟಿಲು ಮೆಟ್ಟಿಲಾಗಿ ಒಂದು ಹೋಲಿಕೆ

ಹಿಂದೂ ಅನುಭಾವವನ್ನೂ ಸೂಫಿ ಅನುಭಾವವನ್ನೂ ಹೋಲಿಸುವಾಗ ನಾವು ಸಾಮಾನ್ಯವಾಗಿ ಎರಡರ ಕೊನೆಯನ್ನು ಮಾತ್ರ ಪಕ್ಕಪಕ್ಕದಲ್ಲಿ ಇಡುತ್ತೇವೆ. ಅಲ್ಲಿ ಶಿವನಲ್ಲಿ ಒಂದಾಗುವ ಐಕ್ಯ, ಇಲ್ಲಿ ದೇವರಲ್ಲಿ ಅಳಿಯುವ ಫನಾ. ಅಲ್ಲೂ ‘ನಾನು’ ಅಳಿಯಿತು, ಇಲ್ಲೂ ಅಳಿಯಿತು. ಆದ್ದರಿಂದ ಎರಡೂ ಒಂದೇ ಎಂದು ಮಾತು ಮುಗಿಸುತ್ತೇವೆ. ಹೀಗೆ ಹೇಳುವವರ ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಈ ದಾರಿಗಳಲ್ಲಿ ನಡೆದವರು ಕೊನೆಯ ಬಗ್ಗೆ ಆಡಿದ ಮಾತು ಕಡಿಮೆ. ಅವರು ಹೆಚ್ಚು ಹೇಳಿದ್ದು ಏನು ಉಣ್ಣಬೇಕು, ಹೇಗೆ ಕೂರಬೇಕು, ಉಸಿರನ್ನು ಹೇಗೆ ಬಿಡಬೇಕು, ಎಲ್ಲಿ ಜಾರುತ್ತೇವೆ ಎಂಬುದನ್ನು. ಹೋಲಿಕೆ ಮಾಡುವುದಾದರೆ ಅಲ್ಲಿಂದ ಮಾಡಬೇಕು ಎಂಬುದು ಇವತ್ತಿನ ನನ್ನ ವಾದ.

‘ಹಿಂದೂ ಮಾರ್ಗ’ ಎಂದರೆ ಒಂದಲ್ಲ. ಪತಂಜಲಿಯ ಯೋಗ, ಶಂಕರರ ಅದ್ವೈತ, ನಾಥರ ಹಠಯೋಗ, ದಾಸರ ಭಕ್ತಿ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಸೂಫಿಗಳ ಎದುರು ಇಟ್ಟರೆ ಯಾರಿಗೂ ನ್ಯಾಯ ಆಗುವುದಿಲ್ಲ. ಅದಕ್ಕೇ ಒಂದೊಂದನ್ನೇ ಆರಿಸಿಕೊಂಡಿದ್ದೇನೆ: 12ನೇ ಶತಮಾನದ ಕಲ್ಯಾಣದ ಶರಣರ ಷಟ್‌ಸ್ಥಲ, ಅಂದರೆ ಆರು ಹಂತಗಳ ಸಾಧನೆ, ಮತ್ತು ಖ್ವಾಜಾ ಬಂದೇ ನವಾಜ್ ಗೇಸೂದರಾಜರ ಮೂಲಕ ಕಲಬುರಗಿಗೆ ಬಂದ ಚಿಸ್ತಿಯಾ ಎಂಬ ಸೂಫಿ ಪಂಥ. ಲಿಂಗಾಯತ ಪ್ರತ್ಯೇಕ ಧರ್ಮವೇ ಅಲ್ಲವೇ ಎಂಬ ಚರ್ಚೆ ಬೇರೆ ವೇದಿಕೆಯದು, ಇಲ್ಲಿ ಎತ್ತುವುದಿಲ್ಲ. ಬಂದೇ ನವಾಜರು ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಅವರ ಗುರು ನಸೀರುದ್ದೀನ್ ಚಿರಾಗ್ ದೆಹಲಿ, ಗುರುವಿನ ಗುರು ನಿಜಾಮುದ್ದೀನ್ ಔಲಿಯಾ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ದಕ್ಷಿಣಕ್ಕೆ ಹೊರಟು, ಫಿರೋಜ್ ಶಾಹ ಬಹಮನಿಯ ಕಾಲದಲ್ಲಿ ಕಲಬುರಗಿ ಸೇರಿದರು. 1422ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಅಷ್ಟು ಹೊತ್ತಿಗೆ ಕಲ್ಯಾಣದ ಕ್ರಾಂತಿ ನಡೆದು ಎರಡೂವರೆ ಶತಮಾನ ಆಗಿತ್ತು. ಶರಣರು ಸೂಫಿಗಳಿಂದ ಕಲಿತರೇ ಎಂಬ ಪ್ರಶ್ನೆಯನ್ನು ನಾನು ಹಿಂಬಾಲಿಸುವುದಿಲ್ಲ, ಅದಕ್ಕೆ ಆಧಾರವೂ ಕಾಣುವುದಿಲ್ಲ.

ಮೊದಲು ಬಾಗಿಲು. ಶರಣಮಾರ್ಗದಲ್ಲಿ ದೀಕ್ಷೆ ಮೂರು ಬಗೆ, ಒಂದೊಂದೂ ಒಂದು ಮಲವನ್ನು, ಅಂದರೆ ಜೀವವನ್ನು ಕಟ್ಟಿಹಾಕುವ ಕೊಳೆಯನ್ನು, ಕಳೆಯುತ್ತದೆ. ವೇಧಾದೀಕ್ಷೆ ಕಾರಣಶರೀರದ ಆಣವಮಲ ಕಳೆದು ಭಾವಲಿಂಗವನ್ನು ತೋರುತ್ತದೆ. ಮಂತ್ರದೀಕ್ಷೆ ಸೂಕ್ಷ್ಮಶರೀರದ ಮಾಯಾಮಲ ಕಳೆದು ಪ್ರಾಣಲಿಂಗವನ್ನು, ಕ್ರಿಯಾದೀಕ್ಷೆ ಸ್ಥೂಲಶರೀರದ ಕಾರ್ಮಿಕಮಲ ಕಳೆದು ಇಷ್ಟಲಿಂಗವನ್ನು ಕೊಡುತ್ತದೆ. ಇಲ್ಲಿ ಒಂದು ಅಂಶವನ್ನು ಗಟ್ಟಿಯಾಗಿ ಹಿಡಿಯಬೇಕು. ಕೊನೆಗೆ ಯಾವುದರಲ್ಲಿ ಒಂದಾಗಬೇಕೋ ಅದನ್ನು ಮೊದಲ ದಿನವೇ ಅಂಗೈಗೆ ಕೊಟ್ಟು, ಮೈಗೆ ಕಟ್ಟಿ ಕಳಿಸುತ್ತಾರೆ. ಸೂಫಿಯ ಬಾಗಿಲು ಬೈಅತ್. ಪೀರನ, ಅಂದರೆ ಗುರುವಿನ, ಕೈಯಲ್ಲಿ ಕೈಯಿಟ್ಟು ತೌಬಾ ಮಾಡುವುದು, ಅಂದರೆ ಹಿಂದಿನ ಬದುಕಿನಿಂದ ಮುಖ ತಿರುಗಿಸಿ ದೇವರ ಕಡೆ ಹೊರಳುವುದು. ಶಿಷ್ಯನಿಗೆ ಟೋಪಿಯೋ ಖಿರ್ಕಾ ಎಂಬ ನಿಲುವಂಗಿಯೋ ಸಿಗುತ್ತದೆ, ಪ್ರವಾದಿಯವರೆಗೆ ಹೋಗುವ ಗುರುಗಳ ಹೆಸರಿನ ಪಟ್ಟಿಯಾದ ಶಿಜ್ರಾ ಸಿಗುತ್ತದೆ. ಸಿಗದೇ ಇರುವುದು ದೇವರು. ಅಲ್ಲಿ ದೇವರು ದೂರದವನೆಂದಲ್ಲ, ಕತ್ತಿನ ನರಕ್ಕಿಂತ ಹತ್ತಿರದವನು. ಆದರೆ ಹಿಡಿದುಕೊಳ್ಳಬಹುದಾದ ಕುರುಹು ಯಾವುದೂ ಇಲ್ಲ, ಇರಲೂ ಕೂಡದು. ಮುಂದಿನ ಎಲ್ಲ ವ್ಯತ್ಯಾಸಗಳೂ ಇಲ್ಲಿಂದಲೇ ಶುರುವಾಗುತ್ತವೆ.

ಆರು ಸ್ಥಲಗಳ ಹೆಸರು ನಿಮಗೆ ಬಾಯಿಪಾಠ ಇರಬಹುದು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದು ಸ್ಥಲಕ್ಕೂ ಒಂದು ಭಕ್ತಿ, ಒಂದು ಲಿಂಗ, ಒಂದು ತತ್ತ್ವ ಇದೆ. ಭಕ್ತನದು ಶ್ರದ್ಧೆ, ಅವನಿಗೆ ಆಚಾರಲಿಂಗ, ತತ್ತ್ವ ಪೃಥ್ವಿ. ಗುರು, ಲಿಂಗ, ಜಂಗಮರನ್ನು ನಂಬಿ ಆಚಾರದಲ್ಲಿ ನಿಲ್ಲುವುದು ಅವನ ಕೆಲಸ. ಮಹೇಶನದು ನಿಷ್ಠೆ. ಪರಧನ, ಪರಸತಿ, ಪರದೈವಗಳನ್ನು ಒಲ್ಲೆನೆಂಬ ಛಲ. ದಾರಿ ತಪ್ಪುವವರಲ್ಲಿ ಬಹಳ ಮಂದಿ ತಪ್ಪುವುದು ಈ ಮೆಟ್ಟಿಲಲ್ಲಿ ಎಂಬುದು ನನ್ನ ಅಭಿಪ್ರಾಯ. ನಿಷ್ಠೆ ಹೊರಗೆ ತಿರುಗಿದರೆ ಹಠವಾಗುತ್ತದೆ, ಇನ್ನೊಬ್ಬರ ಆಚಾರವನ್ನು ಅಳೆಯುವ ಕೋಲಾಗುತ್ತದೆ. ಅದಕ್ಕೆ ಮದ್ದಾಗಿ ಬರುವುದು ಪ್ರಸಾದಿಸ್ಥಲದ ಅವಧಾನ. ಉಣ್ಣುವುದು, ನೋಡುವುದು, ಮುಟ್ಟುವುದು, ಕೇಳುವುದು ಯಾವುದೇ ಇರಲಿ, ಮೊದಲು ಲಿಂಗಕ್ಕೆ ಅರ್ಪಿಸಿ ಆಮೇಲೆ ಪಡೆಯಬೇಕು. ಕೇಳಲು ಸುಲಭ. ಮಾಡುವಾಗಿನ ತೊಂದರೆ ಏನೆಂದರೆ, ಆಸೆ ಯಾವಾಗಲೂ ಅರ್ಪಣೆಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ತಟ್ಟೆ ಕಂಡ ಕೂಡಲೇ ನಾಲಗೆ ರುಚಿ ಎಣಿಸಿಬಿಟ್ಟಿರುತ್ತದೆ, ಆಮೇಲೆ ಅರ್ಪಿಸಿದ್ದು ಎಂಜಲು. ವಚನಗಳಲ್ಲಿ ‘ಎಚ್ಚರ’, ‘ಸಾವಧಾನ’ ಎಂಬ ಮಾತುಗಳು ಮತ್ತೆ ಮತ್ತೆ ಬರುವುದು ಇದಕ್ಕೇ.

ಮೊದಲ ಮೂರರಲ್ಲಿ ಮಾಡುವುದು ಹೆಚ್ಚು, ನಂತರದ ಮೂರರಲ್ಲಿ ಆಗುವುದು ಹೆಚ್ಚು. ಪ್ರಾಣಲಿಂಗಿಯಲ್ಲಿ ಅರ್ಪಣೆ ಉಸಿರಿಗೆ ಇಳಿಯುತ್ತದೆ. ಶರಣನಲ್ಲಿ ಲಿಂಗವೇ ಪತಿ, ತಾನು ಸತಿ ಎಂಬ ಆನಂದ. ಐಕ್ಯದಲ್ಲಿ ಸತಿಪತಿ ಎಂಬ ಎರಡೂ ಇಲ್ಲದ ಸಮರಸ. ಆದರೆ ಇದು ಒಂದರ ಮೇಲೊಂದು ಕಟ್ಟಿದ ಮಹಡಿ ಅಲ್ಲ. ಚೆನ್ನಬಸವಣ್ಣನ ವಿವರಣೆಯಲ್ಲಿ ಆರರಲ್ಲಿ ಒಂದೊಂದರ ಒಳಗೂ ಆರೂ ಇವೆ. 36 ಆಗುತ್ತದೆ, ಅದು ಮತ್ತೆ ಆರಾಗಿ ಒಡೆದು 216 ಆಗುತ್ತದೆ. ಭಕ್ತನೊಳಗೇ ಒಬ್ಬ ಐಕ್ಯ ಇದ್ದಾನೆ. ಮುಂದೆ ಬಂದ ಏಕೋತ್ತರ ಶತಸ್ಥಲದಲ್ಲಿ ಅಂಗಸ್ಥಲ 44, ಲಿಂಗಸ್ಥಲ 57, ಒಟ್ಟು 101. ಈ ಲೆಕ್ಕಗಳನ್ನು ಪಂಡಿತರ ಆಟ ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೊನೆಯದು ಮೊದಲಿನಲ್ಲೇ ಇದೆ ಎಂಬುದನ್ನು ಹೇಳಲು ಇದಕ್ಕಿಂತ ಖಚಿತವಾದ ಬೇರೆ ವಿಧಾನ ಇರಲಿಲ್ಲ.

ಸೂಫಿಗಳ ಪಟ್ಟಿಗಳು ಬೇರೆ ಬೇರೆ. ಹಳೆಯದರಲ್ಲಿ ಒಂದು, 988ರಲ್ಲಿ ತೀರಿಕೊಂಡ ಅಬೂ ನಸ್ರ್ ಸರ್ರಾಜರದು. ಅದರಲ್ಲಿ ಮಕಾಮ್, ಅಂದರೆ ನಿಲ್ದಾಣ, ಏಳು: ತೌಬಾ, ಸಂಶಯ ಇರುವ ಗಳಿಕೆಯಿಂದ ದೂರ ಇರುವ ವರಅ್, ವೈರಾಗ್ಯದ ಜುಹ್ದ್, ಬಡತನದ ಫಕ್ರ್, ಸಹನೆಯ ಸಬ್ರ್, ದೇವರ ಮೇಲೆ ಭಾರ ಹಾಕುವ ತವಕ್ಕುಲ್, ಬಂದದ್ದನ್ನು ಪ್ರೀತಿಯಿಂದ ಒಪ್ಪುವ ರಿಜಾ. ಇದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇದೆ, ಹಾಲ್‌ಗಳದು, ಅಂದರೆ ಒಳಗಿನ ಸ್ಥಿತಿಗಳದು. ಸಾಮೀಪ್ಯ, ಪ್ರೇಮ, ಭಯ, ಭರವಸೆ, ಹಂಬಲ ಇತ್ಯಾದಿ ಹತ್ತು. ಮಕಾಮ್ ಸಾಧಕ ದುಡಿದು ಗಳಿಸುವುದು, ಗಳಿಸಿದ ಮೇಲೆ ಉಳಿಯುತ್ತದೆ. ಹಾಲ್ ದೇವರು ಕೊಡುವುದು, ಬರುತ್ತದೆ, ಹೋಗುತ್ತದೆ, ಬೇಡಿದರೆ ಬರುವುದಿಲ್ಲ. ಎಷ್ಟು ಸ್ವಚ್ಛವಾದ ವಿಂಗಡಣೆ ನೋಡಿ. ಒಂದು ರಾತ್ರಿ ಧ್ಯಾನದಲ್ಲಿ ಕಣ್ಣೀರು ಬಂತು, ಬೆಳಕು ಕಂಡಿತು ಎಂದು ತಾನು ಮೇಲೇರಿದೆ ಎಂದುಕೊಳ್ಳುವವನಿಗೆ ಪೀರ್ ಹೇಳುವುದು ಇದನ್ನೇ: ಅದು ಅತಿಥಿ, ನಿನ್ನ ಮನೆ ಅಲ್ಲ. ಶರಣರಲ್ಲೂ ಕೃಪೆ ಇದೆ, ಆದರೆ ಹೀಗೆ ಎರಡು ಪ್ರತ್ಯೇಕ ಖಾತೆ ಇಲ್ಲ. ಪ್ರಸಾದವೇ ಕೃಪೆ, ಅದು ಪ್ರತಿದಿನದ ತಟ್ಟೆಯಲ್ಲಿದೆ.

ಎರಡೂ ದಾರಿ ನೇರವಾಗಿ ಎದುರುಬದುರಾಗುವುದು ಅನ್ನದ ವಿಷಯದಲ್ಲಿ. ಮೊದಲ ಕಾಲದ ಚಿಸ್ತಿಯಾ ಖಾನಖಾಹ್, ಅಂದರೆ ಪೀರ್ ಮತ್ತು ಶಿಷ್ಯರ ಮಠ, ನಡೆಯುತ್ತಿದ್ದುದು ಫುತೂಹ್‌ನಿಂದ, ಎಂದರೆ ಕೇಳದೆ ತಾನಾಗಿ ಬಂದ ಕಾಣಿಕೆಯಿಂದ. ಬೇಡುವಂತಿಲ್ಲ, ಖಾಯಂ ವರಮಾನಕ್ಕೆ ಜಹಗೀರು ಪಡೆಯುವಂತಿಲ್ಲ, ಬಂದದ್ದನ್ನು ಕೂಡಿಡುವಂತಿಲ್ಲ. ನಿಜಾಮುದ್ದೀನ್ ಔಲಿಯಾ ಶುಕ್ರವಾರದ ನಮಾಜಿಗೆ ಹೋಗುವ ಮುಂಚೆ ಉಗ್ರಾಣವನ್ನು ಪೂರ್ತಿ ಖಾಲಿ ಮಾಡಿಸಿ ಗುಡಿಸಿಸುತ್ತಿದ್ದರು. ಇದು ತವಕ್ಕುಲ್‌ನ ಕಠಿಣ ರೂಪ. ಇದರಲ್ಲಿ ಜಾರುವ ಜಾಗ ಸೋಮಾರಿತನ, ಅದಕ್ಕಿಂತ ಸೂಕ್ಷ್ಮವಾದದ್ದು ಬಾಗಿಲ ಕಡೆಗಿನ ಕಣ್ಣು. ಬಾಯಿ ಬೇಡದಿದ್ದರೂ ಮನಸ್ಸು ಬೇಡಿದರೆ ತವಕ್ಕುಲ್ ಮುರಿಯಿತು. ಶರಣರದು ಇದಕ್ಕೆ ಪೂರಾ ತಿರುಗು. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಔಲಿಯಾರ ಉಗ್ರಾಣಕ್ಕೂ ಲಕ್ಕಮ್ಮನ ಮೊರಕ್ಕೂ ಶತ್ರು ಒಬ್ಬನೇ, ನಾಳೆಗೆ ಇರಲಿ ಎಂಬ ಆಸೆ. ಆದರೆ ಅಲ್ಲಿ ಅನ್ನ ಕೊಡುವವನು ದೇವರು, ಇಲ್ಲಿ ಅನ್ನ ಉಣ್ಣುವವನು ದೇವರು. ಅಲ್ಲಿ ಕೈ ಖಾಲಿ ಇರಬೇಕು, ಇಲ್ಲಿ ಕೈ ದುಡಿಯಬೇಕು.

ಇನ್ನು ಆಸನಕ್ಕೆ ಬರೋಣ, ಇದನ್ನು ಸ್ವಲ್ಪ ಹತ್ತಿರದಿಂದ ನೋಡುವ ಅಗತ್ಯ ಇದೆ. ಇಷ್ಟಲಿಂಗ ಪೂಜೆಯಲ್ಲಿ ಸ್ನಾನ, ವಿಭೂತಿಧಾರಣೆ ಆದ ಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೈಯನ್ನು ಮುಖದ ಎದುರಿಗೆ ಸುಮಾರು ಒಂದು ಅಡಿ ದೂರದಲ್ಲಿ ನಿಲ್ಲಿಸುತ್ತಾರೆ. ಬೆನ್ನು ನೆಟ್ಟಗೆ, ಕಣ್ಣು ಅರೆತೆರೆದು ಎವೆಯಿಕ್ಕದೆ ಲಿಂಗದ ಮೇಲೆ. ಒಳಗಿನ ಪುಟ್ಟ ಶಿಲೆಯ ಮೇಲಿರುವ ಕಪ್ಪು ಕವಚಕ್ಕೆ ಹೊಳಪಿರುತ್ತದೆ, ದೀಪದ ಬೆಳಕು ಅಲ್ಲಿ ಒಂದು ಚುಕ್ಕಿಯಾಗಿ ಕಾಣುತ್ತದೆ. ದೃಷ್ಟಿ ಆ ಚುಕ್ಕಿಯಲ್ಲಿ ನೆಟ್ಟು, ನಾಲಗೆಯಲ್ಲಿದ್ದ ಷಡಕ್ಷರಿ ನಿಧಾನಕ್ಕೆ ಉಸಿರಿಗೆ ಇಳಿಯುತ್ತದೆ. ಕಣ್ಣುರಿ, ತಲೆನೋವು ಬರುವುದು ಬಿಗಿಹಿಡಿದು ದಿಟ್ಟಿಸಿದರೆ. ನೀರೂರಿದಾಗ ಕಣ್ಣು ಮುಚ್ಚಿ, ಕಂಡ ಚುಕ್ಕಿಯನ್ನು ಒಳಗೆ ನೋಡಬೇಕು. ಹೊರಗಿನದು ಒಳಗೆ ಹೋಗುವುದೇ ಉದ್ದೇಶ, ಇಷ್ಟಲಿಂಗ ಪ್ರಾಣಲಿಂಗ ಆಗುವುದು ಹಾಗೆ. ಅರುಹಿನ ಕುರುಹು ಎಂದು ಇಷ್ಟಲಿಂಗವನ್ನು ಕರೆದಿರುವುದು ಸುಮ್ಮನೆ ಅಲ್ಲ. ಕುರುಹಿಗೇ ಅಂಟಿಕೊಂಡು ಅರಿವನ್ನು ಮರೆತವರನ್ನು ಅಲ್ಲಮ ಸುಮ್ಮನೆ ಬಿಡುವುದಿಲ್ಲ.

ಚಿಸ್ತಿಯಾ ಜಿಕ್ರ್‌ನಲ್ಲಿ, ಅಂದರೆ ದೇವರ ಸ್ಮರಣೆಯಲ್ಲಿ, ಕಣ್ಣಿಗೆ ಕೆಲಸವಿಲ್ಲ. ಚಕ್ಕಳಮಕ್ಕಳ ಹಾಕಿ, ಬಲಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನಿಂದ ಎಡ ಮೊಣಕಾಲಿನ ಹಿಂಬದಿಯ ‘ಕೀಮಾಸ್’ ಎಂಬ ನರವನ್ನು ಒತ್ತಿ ಹಿಡಿಯಬೇಕು. ಆ ನರಕ್ಕೂ ಹೃದಯಕ್ಕೂ ಸಂಬಂಧ ಇದೆ, ಒತ್ತಿದರೆ ಎದೆಯಲ್ಲಿ ಕಾವು ಏಳುತ್ತದೆ ಎಂಬುದು ಅವರ ತಿಳಿವಳಿಕೆ. ತಲೆಯನ್ನು ಎಡ ಮೊಣಕಾಲಿನ ಕಡೆ ಬಾಗಿಸಿ, ಬಲ ಮೊಣಕಾಲಿನ ಮೇಲಿಂದ ಬಲ ಭುಜದವರೆಗೆ ಕಮಾನಿನಂತೆ ತರುತ್ತಾ ‘ಲಾ ಇಲಾಹ’, ದೇವರಿಲ್ಲ, ಎನ್ನಬೇಕು. ದೇವರಲ್ಲದ್ದನ್ನೆಲ್ಲ ಬೆನ್ನ ಹಿಂದೆ ಎಸೆದ ಭಾವ ಅದು. ಅಲ್ಲಿಂದ ತಲೆಯನ್ನು ಎಡ ಎದೆಯ ಮೇಲೆ ತಂದು ‘ಇಲ್ಲಲ್ಲಾಹ್’, ಅಲ್ಲಾಹನ ಹೊರತು, ಎಂದು ಬಡಿಯಬೇಕು. ಇದು ಗಟ್ಟಿಯಾಗಿ ಹೇಳುವ ಜಲೀ ಜಿಕ್ರ್. ಮುಂದಿನದು ಪಾಸೆ ಅನ್ಫಾಸ್, ಉಸಿರಿನ ಕಾವಲು: ಬಿಡುವ ಉಸಿರಿನಲ್ಲಿ ‘ಲಾ ಇಲಾಹ’, ಎಳೆಯುವ ಉಸಿರಿನಲ್ಲಿ ‘ಇಲ್ಲಲ್ಲಾಹ್’, ತುಟಿ ಅಲುಗದೆ. ಆಮೇಲೆ ಹಬ್ಸೆ ದಮ್, ಉಸಿರು ಹಿಡಿಯುವುದು. ನಕ್ಷಬಂದಿ ಎಂಬ ಇನ್ನೊಂದು ಸೂಫಿ ಪಂಥದವರು ಒಂದೇ ಹಿಡಿತದಲ್ಲಿ ಮೂರು ಸಲ ಮಂತ್ರ ಹೇಳುವುದರಿಂದ ಶುರು ಮಾಡಿ, ಬೆಸಸಂಖ್ಯೆಯಲ್ಲೇ ಏರಿಸುತ್ತಾ 21ಕ್ಕೆ ತರುತ್ತಾರೆ. 21 ತಲುಪಿದರೂ ಒಳಗೆ ಏನೂ ಬದಲಾಗದಿದ್ದರೆ ಮತ್ತೆ ಮೂರರಿಂದ.

ಉಸಿರಿನ ವಿಷಯದಲ್ಲಿ ಸೂಫಿಗಳು ಯೋಗಿಗಳನ್ನು ಕಣ್ಣೆದುರೇ ನೋಡಿದ್ದರು. ಸಿದ್ಧರು ಎಣಿಸಿ ಉಸಿರಾಡುತ್ತಾರೆ ಎಂದು ಚಿರಾಗ್ ದೆಹಲಿಯವರು ಶಿಷ್ಯರಿಗೆ ಹೇಳಿದ್ದು ದಾಖಲಾಗಿದೆ. ಯೋಗಿಗಳ ಹಾಗೆ ಉಸಿರು ಹಿಡಿಯುವುದು ಶಿಷ್ಯನಿಗೆ ಅಗತ್ಯ, ಆದರೆ ಅವರಷ್ಟರ ಮಟ್ಟಿಗೆ ಎಲ್ಲರಿಗೂ ಆಗದು ಎಂದು ಬಂದೇ ನವಾಜರು ತಮ್ಮ ‘ಖಾತಿಮಾ’ದಲ್ಲಿ ಬರೆದರು. ಹೊಟ್ಟೆ ತುಂಬಿ ಕೂತವನಿಗೆ ಇದು ಆಗದ ಕೆಲಸ. ಅದಕ್ಕೇ ನಲವತ್ತು ದಿನದ ಚಿಲ್ಲಾದಲ್ಲಿ ನಾಲ್ಕು ಕಡಿತ: ಊಟ ಕಡಿಮೆ, ಮಾತು ಕಡಿಮೆ, ನಿದ್ದೆ ಕಡಿಮೆ, ಜನರ ಒಡನಾಟ ಕಡಿಮೆ. ಶರಣರಲ್ಲಿ ನಲವತ್ತು ದಿನದ ಕೋಣೆ ಇಲ್ಲ. ಕಾಯಕ ಬಿಟ್ಟು ಕೂರುವುದನ್ನು ಅವರು ಸಾಧನೆ ಎಂದು ಎಣಿಸಲಿಲ್ಲ.

ಸಾಧನೆ ಗಟ್ಟಿಯಾದಾಗ ಬರುವ ಶಕ್ತಿಗಳ ಬಗ್ಗೆ ಎರಡೂ ಕಡೆ ಒಂದೇ ಎಚ್ಚರ. ‘ಶೂನ್ಯಸಂಪಾದನೆ’ಯಲ್ಲಿ ವಜ್ರದ ಮೈ ಪಡೆದ ನಾಥಯೋಗಿ ಗೋರಕ್ಷನ ಮೇಲೆ ಕತ್ತಿ ಬೀಸಿದರೆ ಖಣಿಲ್ ಎಂದು ಸದ್ದಾಗುತ್ತದೆ. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಸದ್ದು ಬಂತೆಂದರೆ ಅಲ್ಲಿ ತಡೆಯುವವನೊಬ್ಬ ಇನ್ನೂ ಇದ್ದಾನೆ ಎಂದರ್ಥ. ನಿಜಾಮುದ್ದೀನ್ ಔಲಿಯಾ ಇದನ್ನು ಲೆಕ್ಕದಲ್ಲಿ ಹೇಳುತ್ತಾರೆ: ದಾರಿಯಲ್ಲಿ ನೂರು ಮೆಟ್ಟಿಲಿವೆ, ಪವಾಡ ಬರುವುದು 17ನೆಯದರಲ್ಲಿ, ಅಲ್ಲೇ ನಿಂತವನು ಉಳಿದ 83ನ್ನು ಹತ್ತುವುದು ಯಾವಾಗ?

ಈಗ ಕೊನೆಗೆ ಬರಬಹುದು. ಎರಡೂ ಪರಂಪರೆ ಬೆಂಕಿಯ ಉಪಮೆಯನ್ನೇ ಬಳಸುತ್ತವೆ, ಆದರೆ ಬೆಂಕಿಗೆ ಹಾಕುವ ವಸ್ತು ಬೇರೆ. ವಚನಕಾರರು ಉರಿಯುಂಡ ಕರ್ಪೂರ ಎನ್ನುತ್ತಾರೆ. ಉರಿದ ಮೇಲೆ ಬೂದಿಯೂ ಇಲ್ಲ, ಕೊನೆಗೆ ಉರಿಯೂ ಇಲ್ಲ. ರೂಮಿ ಹೇಳುವುದು ಕುಲುಮೆಯ ಕಬ್ಬಿಣ. ಅದು ಬೆಂಕಿಯ ಬಣ್ಣ, ಬೆಂಕಿಯ ಗುಣ ಪಡೆದು ‘ನಾನೇ ಬೆಂಕಿ’ ಎನ್ನುತ್ತದೆ, ಸುಡುತ್ತದೆ ಕೂಡ, ಆದರೂ ಕಬ್ಬಿಣವೇ. 922ರಲ್ಲಿ ಬಗ್ದಾದಿನಲ್ಲಿ ಕೊಲ್ಲಲ್ಪಟ್ಟ ಸೂಫಿ ಹಲ್ಲಾಜ್‌ನ ‘ಅನಲ್ ಹಕ್’, ಅಂದರೆ ನಾನೇ ಸತ್ಯ, ಎಂಬ ಕೂಗನ್ನು ರೂಮಿ ಹೀಗೆ ಅರ್ಥ ಮಾಡಿಸುತ್ತಾರೆ. ಹಲ್ಲಾಜ್‌ಗಿಂತ ಮುಂಚೆ, 910ರಲ್ಲಿ ತೀರಿಕೊಂಡ ಸೂಫಿ ಗುರು ಜುನೈದರ ಬೋಧನೆಯಲ್ಲಿ ಫನಾ ಕೊನೆಯಲ್ಲ. ಅದರಾಚೆ ಬಕಾ ಇದೆ: ಅಳಿದವನು ಎಚ್ಚರಕ್ಕೆ ಮರಳಿ, ದೇವರಲ್ಲಿ ಉಳಿದು, ಮತ್ತೆ ದಾಸನಾಗಿ ಐದು ಹೊತ್ತಿನ ನಮಾಜಿಗೆ ನಿಲ್ಲುತ್ತಾನೆ. ಮತ್ತಿನಲ್ಲೇ ಉಳಿದವನು ಅರ್ಧದಾರಿಯವನು. ಇಬ್ನ್ ಅರಬಿಯ ‘ಇರವು ಒಂದೇ’ ಎಂಬ ಸಿದ್ಧಾಂತವನ್ನು ಬಂದೇ ನವಾಜರು ಕಟುವಾಗಿ ವಿರೋಧಿಸಿದ್ದು ಈ ಮರಳುವಿಕೆಯನ್ನು ಕಾಪಾಡಲಿಕ್ಕೇ ಎಂದು ನಾನು ತಿಳಿದಿದ್ದೇನೆ. ಷಟ್‌ಸ್ಥಲದಲ್ಲಿ ಐಕ್ಯದ ಆಚೆ ಏಳನೆಯ ಸ್ಥಲ ಇಲ್ಲ. ಹಾಗಾದರೆ ಶರಣನಿಗೆ ಲೋಕ ಇಲ್ಲವೇ? ಇದೆ, ಆದರೆ ಅದು ಕೊನೆಗೆ ಮರಳಿ ಸಿಗುವುದಲ್ಲ. ಕಾಯಕ, ದಾಸೋಹಗಳಾಗಿ ಮೊದಲಿನಿಂದ ಜೊತೆಗೇ ಬಂದಿರುತ್ತದೆ. ಬಕಾಕ್ಕೆ ಸಮನಾದದ್ದನ್ನು ಷಟ್‌ಸ್ಥಲದಲ್ಲಿ ಹುಡುಕುವವರು ಐಕ್ಯದ ಮುಂದೆ ಹುಡುಕಬಾರದು, ಭಕ್ತಸ್ಥಲದಲ್ಲೇ ಹುಡುಕಬೇಕು.

ಈ ಎಚ್ಚರ ಇಲ್ಲದೆ ಪದಕ್ಕೆ ಪದ ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೊಘಲ್ ರಾಜಕುಮಾರ ದಾರಾ ಶಿಕೋ ದೊಡ್ಡ ಉದಾಹರಣೆ. ಅವನ ಬಗ್ಗೆ ನನಗೆ ಅಪಾರ ಗೌರವ ಇದೆ. 1655ರ ‘ಮಜ್ಮಉಲ್ ಬಹ್ರೈನ್’ನಲ್ಲಿ ಅವನು ನಾಸೂತ್, ಮಲಕೂತ್, ಜಬರೂತ್, ಲಾಹೂತ್ ಎಂಬ ಸೂಫಿಗಳ ನಾಲ್ಕು ಲೋಕಗಳನ್ನು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯಗಳಿಗೆ ಸರಿದೂಗಿಸಿದ. ದಿನಕ್ಕೆ 21,600 ಉಸಿರಿನಲ್ಲಿ ತಾನಾಗಿ ನಡೆಯುವ ಅಜಪಾಜಪವನ್ನು ಸೂಫಿಗಳ ಉಸಿರಿನ ಜಿಕ್ರ್ ಜೊತೆ ಇಟ್ಟದ್ದು ಸರಿಯಾಗಿಯೇ ಇದೆ, ಏಕೆಂದರೆ ಅಲ್ಲಿ ಅವನು ಕ್ರಿಯೆಗೆ ಕ್ರಿಯೆಯನ್ನು ಹೋಲಿಸಿದ. ಆದರೆ ಇಶ್ಕ್ (ದೈವಪ್ರೇಮ) ಎಂದರೆ ಮಾಯೆ ಎಂದು ಬರೆದಾಗ ಎಡವಿದ. ಸೃಷ್ಟಿಗೆ ಕಾರಣ ಎಂಬ ಒಂದೇ ಅಂಶದಲ್ಲಿ ಎರಡೂ ಕೂಡುತ್ತವೆ, ನಿಜ. ಸಾಧಕನಿಗೋ, ಇಶ್ಕ್ ಎಂದರೆ ಹಿಡಿದುಕೊಂಡು ಹೋಗಬೇಕಾದದ್ದು, ಮಾಯೆ ಎಂದರೆ ದಾಟಿಹೋಗಬೇಕಾದದ್ದು.

ಇದಕ್ಕಿಂತ ಉತ್ತಮ ಕೆಲಸ ವಿಜಯಪುರದಲ್ಲಿ ನಡೆಯಿತು. ಬಂದೇ ನವಾಜರ ಗುರುಪರಂಪರೆಗೇ ಸೇರಿದ ಮೀರಾಂಜಿ ಶಮ್ಸುಲ್ ಉಶ್ಶಾಕ್, ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ದಖನಿ ಭಾಷೆಯಲ್ಲಿ ಬರೆದರು. 1675ರಲ್ಲಿ ತೀರಿಕೊಂಡ ಅಮೀನುದ್ದೀನ್ ದೇಹವನ್ನು ಐದು ಭೂತ, ಇಪ್ಪತ್ತೈದು ಗುಣಗಳಾಗಿ ವಿಂಗಡಿಸುತ್ತಾರೆ. ಇಸ್ಲಾಮಿನ ಪರಂಪರೆಯಲ್ಲಿ ಭೂತಗಳು ನಾಲ್ಕೇ, ಐದನೆಯದಾದ ಬಯಲು ನಮ್ಮ ನೆಲದ್ದು. ಚೆನ್ನಬಸವಣ್ಣನ ‘ಕರಣಹಸಿಗೆ’ಯಲ್ಲೂ ಇದೇ ಲೆಕ್ಕ ಇದೆ: ಪೃಥ್ವಿಗೆ ಅಸ್ಥಿ, ಮಾಂಸ, ಚರ್ಮ, ನಾಡಿ, ರೋಮ, ಹೀಗೆ ಐದಕ್ಕೆ ಐದೈದು. ಇಲ್ಲಿ ಎರವಲು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಎರವಲು ತಂದದ್ದು ದೇಹದ ನಕ್ಷೆಯನ್ನು, ಗುರಿಯನ್ನಲ್ಲ. ಇಪ್ಪತ್ತೈದನ್ನೂ ದಾಟಿ ಅವರು ತಲುಪುವುದು ‘ಲಾ ಇಲಾಹ ಇಲ್ಲಲ್ಲಾಹ್’ ಎಂಬ ಕಲಿಮಾಕ್ಕೆ. ಬೀಸುವ ಕಲ್ಲಿನ ದಖನಿ ಹಾಡುಗಳಲ್ಲಿ ಹಿಡಿಗೂಟ ಅಲಿಫ್, ಅಂದರೆ ಅಲ್ಲಾಹ್, ನಡುಗೂಟ ಮುಹಮ್ಮದ್. ಬೀಸುವ ಹೆಂಗಸಿನ ಕೈ ಪ್ರತಿ ಸುತ್ತಿನಲ್ಲೂ ಜಿಕ್ರ್ ಮಾಡುತ್ತದೆ. ಪಾರಸಿ ಕಾವ್ಯದಲ್ಲಿ ಸಾಧಕ ಪ್ರಿಯಕರ, ದೇವರು ಪ್ರಿಯೆ. ಇಲ್ಲಿಗೆ ಬಂದ ಮೇಲೆ ಸಾಧಕನೇ ವಿರಹಿಣಿಯಾದ. ಶರಣಸತಿಯ ನಾಡಿನಲ್ಲಿ ಬೇರೆ ಹೇಗೆ ತಾನೇ ಹಾಡಬಹುದಿತ್ತು? 19ನೇ ಶತಮಾನದಲ್ಲಿ ಶಿಶುನಾಳ ಷರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಎರಡೂ ಕಡೆಯ ಮಾತನ್ನು ಒಂದೇ ಹಾಡಿನಲ್ಲಿ ತರಲು ಸಾಧ್ಯವಾದದ್ದು ಈ ಮೂರು ಶತಮಾನಗಳ ಉಳುಮೆಯಿಂದ.

ಸಾವಿನ ವಿಧಿಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಲಬುರಗಿಯ ದರ್ಗಾದಲ್ಲಿ ಜಿಲ್ಕಾದ್ ತಿಂಗಳ 16ರ ಉರುಸ್ ಎಂದರೆ ಪ್ರಿಯತಮನೊಡನೆ ವಲಿಯ, ಅಂದರೆ ಸಂತನ, ಮದುವೆ. ಶರಣ ತೀರಿದರೆ ಲಿಂಗೈಕ್ಯ. ಇಲ್ಲಿಯವರೆಗೆ ಒಂದೇ ಮಾತು. ಆದರೆ ವಲಿಯನ್ನು ಮಣ್ಣಿಗೆ ಇಳಿಸುವ ಮುನ್ನ, ಅವನು ಎಂಥ ದೊಡ್ಡವನೇ ಆಗಿರಲಿ, ಸಾಮಾನ್ಯ ಮುಸಲ್ಮಾನನಿಗೆ ಮಾಡುವ ಜನಾಜಾ ನಮಾಜನ್ನೇ ಮಾಡುತ್ತಾರೆ. ಇವನ ತಪ್ಪುಗಳನ್ನು ಕ್ಷಮಿಸು ಎಂದು ದೇವರಲ್ಲಿ ಬೇಡುತ್ತಾರೆ, ಮುಖವನ್ನು ಕಿಬ್ಲಾದ (ಮೆಕ್ಕಾದ) ಕಡೆ ತಿರುಗಿಸಿ ಮಲಗಿಸುತ್ತಾರೆ. ಶರಣನನ್ನು ಕೂರಿಸಿಯೇ ಸಮಾಧಿ ಮಾಡುತ್ತಾರೆ, ಎಡ ಅಂಗೈಯಲ್ಲಿ ದೀಕ್ಷೆಯ ದಿನ ಕೊಟ್ಟ ಅದೇ ಇಷ್ಟಲಿಂಗ. ಆಮೇಲೆ ಮನೆಯವರಿಗೆ ಸೂತಕ ಇಲ್ಲ, ಪಿಂಡ ಇಲ್ಲ, ಶ್ರಾದ್ಧವೂ ಇಲ್ಲ.